10 ಎಂಎಂ ಪ್ಲೇಟಿಗೆ ಮನೆಯಲ್ಲಿ ಯಾವ ವೆಲ್ಡಿಂಗ್ ಮೆಷಿನ್? ಅನುಭವ ಇದ್ದವರು ಹೇಳಿ

ರಾಣೆಬೆನ್ನೂರು ಕಡೆಯವನು (ಪ್ರಶ್ನೆ):
ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಮಣ್ಣು ಸಮ ಮಾಡುವ ಬ್ಲೇಡನ್ನು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. 10 ಎಂಎಂ ಪ್ಲೇಟು, 75 ಎಂಎಂ ಕಬ್ಬಿಣದ ಚಾನಲ್. ಮನೆಗೆ ಸಿಂಗಲ್ ಫೇಸ್ ಮಾತ್ರ. ಗೇಟು, ಗ್ರಿಲ್ಲು ಬೆಸೆದು ಗೊತ್ತು. ಹದಿನೈದು ಸಾವಿರದೊಳಗೆ ಯಾವುದು ಕೊಳ್ಳಲಿ?

ತಿಪಟೂರು ತೋಟ:
ನನ್ನ ಕಥೆ ಕೇಳಿ, ಆಮೇಲೆ ದುಡ್ಡು ಬಿಚ್ಚಿ. ಎರಡು ವರ್ಷದ ಹಿಂದೆ 6,800ಕ್ಕೆ ‘200 ಆಂಪಿಯರ್’ ಇನ್ವರ್ಟರ್ (ಎಲೆಕ್ಟ್ರಾನಿಕ್ ಬೋರ್ಡಿನ ಹಗುರ ವೆಲ್ಡಿಂಗ್ ಮೆಷಿನ್) ತರಿಸಿದೆ. ಕಾಯಿ ತುಂಬುವ ಟ್ರೇಲರಿನ ಕೊಂಡಿಗೆ 12 ಎಂಎಂ ಪ್ಲೇಟು ಹಾಕಲು 4 ಎಂಎಂ ರಾಡು ಹಚ್ಚಿದರೆ ಮೂರನೇ ರಾಡಿಗೇ ಮೆಷಿನ್ ಕಾದು ಹಳದಿ ದೀಪ. ಇಪ್ಪತ್ತು ನಿಮಿಷ ಕಾಯುವುದು, ಮತ್ತೆ ಹಚ್ಚುವುದು. ಐದನೇ ದಿನ ಬೋರ್ಡು ಸುಟ್ಟಿತು. ರಿಪೇರಿಗೆ 2,900. ಆರು ತಿಂಗಳಿಗೆ ಮತ್ತೆ 3,400. ತುಮಕೂರಿಗೆ ನಾಲ್ಕು ಸಲ ಓಡಾಟ. ಒಮ್ಮೆ ಕಂಡಕ್ಟರ್ ಮೆಷಿನ್‌ಗೂ ಲಗೇಜ್ ಟಿಕೆಟ್ ಹರಿದ. ಬಸ್ಸಿನ ಖರ್ಚು ಬಿಟ್ಟೇ 13,100. ಡ್ಯೂಟಿ ಸೈಕಲ್ ನೋಡದೆ ಕೊಂಡದ್ದು ನನ್ನ ತಪ್ಪು. ಅದು ಶೇಕಡಾ 60 ಎಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಬೆಸೆಯಬಹುದು. ನನ್ನದರ ಡಬ್ಬದ ಮೇಲೆ ಅದು ಎಷ್ಟೆಂದೇ ಇರಲಿಲ್ಲ. ಈಗ 14,500 ಕೊಟ್ಟು 250ರದ್ದು ತಂದಿದ್ದೇನೆ. 160ರ ಮೇಲೆ ಏರಿಸುವುದಿಲ್ಲ, ಹಾಗಾಗಿ ಬದುಕಿದೆ.

ಪೀಣ್ಯ ನಿವೃತ್ತ:
ಇನ್ವರ್ಟರ್ ಎಂದರೆ ಆಟಿಕೆ. ನನ್ನ ಬಳಿ ಆಯಿಲ್ ಕೂಲ್ಡ್ ಟ್ರಾನ್ಸ್‌ಫಾರ್ಮರ್ ಸೆಟ್ ಇದೆ, 1994ರಲ್ಲಿ ಕೊಂಡದ್ದು, ಪೂರ್ತಿ ತಾಮ್ರದ ವೈಂಡಿಂಗ್. ಇಂದಿಗೂ ಎಣ್ಣೆ ಬದಲಿಸಿದ್ದು ಎರಡೇ ಸಲ. ದಿನವಿಡೀ 4 ಎಂಎಂ ರಾಡು ಓಡಿಸಿ, ಜಗ್ಗುವುದಿಲ್ಲ. ಎರಡು ಫೇಸ್ ಬೇಕು, ಎತ್ತಲು ನಾಲ್ವರು ಬೇಕು, ಅಷ್ಟೇ.

ತಿಪಟೂರು ತೋಟ:
ಅವರು ಸಿಂಗಲ್ ಫೇಸ್ ಎಂದು ಬರೆದಿರುವುದು ತಮಗೆ ಕಾಣಲಿಲ್ಲವೇ ಸರ್?

ಪೀಣ್ಯ ನಿವೃತ್ತ:
ಹೊಲದಲ್ಲಿ ಪಂಪ್‌ಸೆಟ್ಟಿಗೆ ಮೂರು ಫೇಸ್ ಬರುತ್ತದಲ್ಲ, ಏಳು ಗಂಟೆ. ಅಲ್ಲಿ ಇಟ್ಟುಕೊಳ್ಳಲಿ.

ಮಂಡ್ಯ ಗದ್ದೆ:
ಆ ಮಾತು ಬೇಡ ಯಜಮಾನರೇ. ನೀರೆತ್ತಲು ಕೊಟ್ಟ ಉಚಿತ ವಿದ್ಯುತ್ತಿನಲ್ಲಿ ವೆಲ್ಡಿಂಗ್ ಮಾಡಿ, ನಮ್ಮ ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಹದಿನೇಳು ದಿನ ಕತ್ತಲೆಯಲ್ಲಿದ್ದೆವು. ಭತ್ತ ಹೊಡೆ ತುಂಬುವ ಹೊತ್ತು. ಮಾಡಿದವನು ನಮ್ಮ ದಾಯಾದಿಯೇ, ಇಂದಿಗೂ ಮಾತಿಲ್ಲ.

ಪೀಣ್ಯ ನಿವೃತ್ತ:
ಟಿ.ಸಿ. ಸುಡುವುದು ಹತ್ತು ಜನ ಲೆಕ್ಕಕ್ಕಿಲ್ಲದ ಮೋಟಾರು ಇಟ್ಟದ್ದಕ್ಕೆ. ವೆಲ್ಡರ್ ತಲೆಗೆ ಕಟ್ಟಬೇಡಿ.

ಶಿರಸಿ ಅಡಿಕೆ:
ನಾನು ಮಿಗ್ (ರಾಡಿನ ಬದಲು ತಂತಿ, ಗ್ಯಾಸಿನಲ್ಲಿ ಬೆಸೆಯುವ ಮೆಷಿನ್) ತೆಗೆದುಕೊಂಡವನು, ಬೈಯಬೇಡಿ. ಮೆಷಿನ್ 36,000, ಸಿಲಿಂಡರಿಗೆ ಠೇವಣಿ ಬೇರೆ, ಗ್ಯಾಸ್ ತುಂಬಿಸಲು ಹುಬ್ಬಳ್ಳಿಗೆ. 0.8 ಎಂಎಂ ತಂತಿ, ಕಿಟ್ಟ (ಬೆಸುಗೆಯ ಮೇಲೆ ಕೂರುವ ಗಟ್ಟಿ ಪದರ) ಕುಟ್ಟುವ ಕೆಲಸವಿಲ್ಲ, ಬೆಸುಗೆಯ ಗೆರೆ ಹೆಣೆದ ಜಡೆಯಂತೆ ಬರುತ್ತದೆ. ಆ ಅಂದಕ್ಕೇ ಮೋಸ ಹೋದೆ. 10 ಎಂಎಂ ಕೊಂಡಿ ಮೊದಲ ಲೋಡಿಗೇ ಬಿಚ್ಚಿಕೊಂಡಿತು. ನೋಡಿದರೆ ಲೋಹ ಮೇಲೆ ಕೂತಿದೆ, ಪ್ಲೇಟು ಕರಗಿಯೇ ಇಲ್ಲ. ಅಂಗಳದಲ್ಲಿ ಗಾಳಿ ಬೀಸಿದರೆ ಗ್ಯಾಸ್ ಹಾರಿ ಬೆಸುಗೆಯೆಲ್ಲ ತೂತು ತೂತು. ತೆಳು ತಗಡಿಗೆ ಮಾತ್ರ ಈಗಲೂ ಅದೇ ನನ್ನ ಪ್ರಾಣ.

ಕುಂದಾಪುರ, ಹಿಂದೆ ಮಸ್ಕತ್:
ಹದಿನಾಲ್ಕು ವರ್ಷ ಪೈಪ್ ಬೆಸೆದಿದ್ದೇನೆ. ಇಲ್ಲಿ ಎಲ್ಲರೂ ಮೆಷಿನ್ ಜಾತಕ ನೋಡುತ್ತಿದ್ದೀರಿ, ಒಬ್ಬರೂ ಅಂಚಿನ ಮಾತೆತ್ತಲಿಲ್ಲ. ಪ್ಲೇಟಿನ ಎರಡೂ ಅಂಚನ್ನು ಗ್ರೈಂಡರಿನಿಂದ 30 ಡಿಗ್ರಿ ಓರೆ ಮಾಡಿ, ಕೆಳಗೆ 2–3 ಎಂಎಂ ಸಂದು ಬಿಡಿ. ಮೊದಲ ಓಟ (ಬೆಸುಗೆಯ ಒಂದು ಪದರ) 2.5 ಎಂಎಂ ರಾಡಿನಲ್ಲಿ, ಮೇಲಿನವು 3.15ರಲ್ಲಿ, 110–120 ಆಂಪಿಯರ್. ಪ್ರತಿ ಓಟದ ಕಿಟ್ಟವನ್ನು ಪೂರ್ತಿ ತೆಗೆಯಬೇಕು. 200 ಆಂಪಿಯರ್ ಯಾಕೆ ಬೇಕು? ಬ್ಲೇಡಿಗೆ 7018 ರಾಡೇ (ಗಟ್ಟಿ ಬೆಸುಗೆಯದು, ತೇವ ಆಗದು) ಹಾಕಿ, ಆದರೆ ಹಸಿ ರಾಡು ಬೇಡ. 300 ಡಿಗ್ರಿ ದಾಟಿಸಿ ಒಂದೆರಡು ಗಂಟೆ ಒಣಗಿಸಿ.

ತಿಪಟೂರು ತೋಟ:
ಅಷ್ಟು ಬಿಸಿ ಯಾವ ಮನೆಯಲ್ಲಿ ಇದೆ? ನಾನು ಬಿಸಿಲಿಗೆ ಒಣಗಿಸುತ್ತೇನೆ, ಏನೂ ಆಗಿಲ್ಲ.

ಕುಂದಾಪುರ, ಹಿಂದೆ ಮಸ್ಕತ್:
ಬಿಸಿಲಿಗೆ ಒಣಗಿಸುವುದು ಹಪ್ಪಳವನ್ನು. ಹಸಿ ರಾಡಿನ ಬೆಸುಗೆ ಬಿರುಕು ಬಿಡುವುದು ಅಂದೇ ಅಲ್ಲ, ಮಾರನೆಯ ದಿನವೂ ಬಿಡುತ್ತದೆ.

ಶಿರಸಿ ಅಡಿಕೆ:
ನಾನು ಮನೆಯ ಕೇಕ್ ಓವನ್ನಿನಲ್ಲಿ ಇಟ್ಟೆ. ಅದು 250 ದಾಟುವುದಿಲ್ಲ. ರಾಡೂ ಸರಿಯಾಗಲಿಲ್ಲ, ಮೂರು ವಾರ ಕೇಕೂ ಇಲ್ಲ.

ಪೀಣ್ಯ ನಿವೃತ್ತ:
ಸಾಮಾನ್ಯ 6013 ರಾಡು ಹಾಕಿದರೆ ಈ ತಲೆನೋವೇ ಇಲ್ಲ. ನನ್ನ ಸೆಟ್ಟಿನಲ್ಲಿ 7018 ಅಂಟಿಕೊಳ್ಳುತ್ತದೆ, ಆ ರಾಡೇ ಸರಿಯಿಲ್ಲ.

ಕುಂದಾಪುರ, ಹಿಂದೆ ಮಸ್ಕತ್:
ರಾಡು ಸರಿಯಿದೆ. ತಮ್ಮದು ಎಸಿ ಸೆಟ್ಟು, ಓಪನ್ ವೋಲ್ಟೇಜ್ (ರಾಡು ತಾಗಿಸುವ ಮೊದಲು ಇರುವ ವೋಲ್ಟೇಜ್) ಸಾಲದು. ತಾವು ಆಟಿಕೆ ಎಂದ ಇನ್ವರ್ಟರಿನ ಡಿಸಿಯಲ್ಲಿ ಹೋಲ್ಡರನ್ನು ಪಾಸಿಟಿವ್‌ಗೆ ಕೊಟ್ಟು ನೋಡಿ, ನೀರಿನಂತೆ ಹರಿಯುತ್ತದೆ.

ಪೀಣ್ಯ ನಿವೃತ್ತ:
ನೀವು ಮಸ್ಕತ್ತಿಗೆ ಹೋಗುವ ಮೊದಲೇ ನಾನು ಕ್ರೇನಿನ ಗರ್ಡರ್ ಬೆಸೆದಿದ್ದೇನೆ. ಕಲಿಸಲು ಬರಬೇಡಿ.

ರಾಣೆಬೆನ್ನೂರು ಕಡೆಯವನು:
ಎಲ್ಲರಿಗೂ ನಮಸ್ಕಾರ. ಸಂಜೆ ಏಳಕ್ಕೆ ಸಾಕೆಟ್ಟಿನಲ್ಲಿ ಅಳೆದೆ, ಬರೀ 178 ವೋಲ್ಟ್ ಇದೆ. ಶೆಡ್ಡಿಗೆ 40 ಮೀಟರ್ ವಯರು ಎಳೆಯಬೇಕು. ಇದಕ್ಕೆ ಯಾವ ಮೆಷಿನ್ ನಡೆಯುತ್ತದೆ?

ಮಂಡ್ಯ ಗದ್ದೆ:
178 ಎಂದರೆ ನಿಮ್ಮ ಟಿ.ಸಿ.ಯ ಮೇಲೆ ಯಾರೋ ವೆಲ್ಡಿಂಗ್ ಮಾಡುತ್ತಿದ್ದಾರೆ. ನಮ್ಮಲ್ಲಿಯೂ ಹೀಗೇ ಶುರುವಾದದ್ದು.

ಕುಂದಾಪುರ, ಹಿಂದೆ ಮಸ್ಕತ್:
ಬೆಳಗಿನ ಜಾವ ಬೆಸೆಯಿರಿ ತಮ್ಮಾ, ವೋಲ್ಟೇಜ್ ಇರುತ್ತದೆ. 6 ಚದರ ಎಂಎಂ ತಾಮ್ರದ ವಯರು, 32 ಆಂಪಿಯರಿನ ಎಂಸಿಬಿ (ಲೋಡು ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು). ಮೆಷಿನ್‌ಗಿಂತ ಮೊದಲು ಅದಕ್ಕೆ ದುಡ್ಡು ತೆಗೆದಿಡಿ.

ತಿಪಟೂರು ತೋಟ:
ಪೀಣ್ಯ ಸರ್, ಜಗಳ ಬದಿಗಿರಲಿ. ಆ ತಾಮ್ರದ ಸೆಟ್ಟನ್ನು ಮಾರುವ ಯೋಚನೆ ಇದ್ದರೆ ಎಷ್ಟಕ್ಕೆ ಕೊಡುತ್ತೀರಿ?