ಕುಷ್ಠದ ಮಾತ್ರೆ ನಡೆಯುತ್ತಿರುವಾಗ ಆಪರೇಷನ್: ಅನಸ್ತೇಷಿಯಾ ಡಾಕ್ಟರಿಗೆ ಹೇಳಬೇಕಾ?

ಪ್ರಶ್ನೆ (ಕೇರಳದ ಕಾಸರಗೋಡು ಕಡೆಯ ಬದಿಯಡ್ಕದಿಂದ): ಅಪ್ಪನಿಗೆ 61 ವರ್ಷ. ಕುಷ್ಠಕ್ಕೆ ಎಂಡಿಟಿ (ಹಲವು ಮದ್ದು ಒಟ್ಟಿಗೆ ಕೊಡುವ ಚಿಕಿತ್ಸೆ) ಮಾತ್ರೆ ಎಂಟನೇ ತಿಂಗಳು. ನಡುವೆ ನರ ಊದಿ ನೋವು ಬಂದು, ಮೊನ್ನೆಯವರೆಗೂ ಪ್ರೆಡ್ನಿಸೊಲೋನ್ ತಿನ್ನುತ್ತಿದ್ದರು. ಈಗ ಹರ್ನಿಯಾ ಆಪರೇಷನ್‌ಗೆ ಮಂಗಳೂರಿಗೆ ಹೋಗಬೇಕು. ವಾರ್ಡಿನಲ್ಲಿ ಊರಿನವರು ಯಾರಾದರೂ ಇದ್ದೇ ಇರುತ್ತಾರೆ, ಈ ಕಾಯಿಲೆಯ ಸುದ್ದಿ ಎತ್ತಬೇಡ ಎನ್ನುತ್ತಾರೆ ಅಮ್ಮ. ಹರ್ನಿಯಾಕ್ಕೂ ಇದಕ್ಕೂ ಸಂಬಂಧ ಇಲ್ಲ ಅಲ್ವಾ?

ಉತ್ತರ (ಅನಸ್ತೇಷಿಯಾ ವೈದ್ಯರು): ಹರ್ನಿಯಾಕ್ಕೆ ಇಲ್ಲ, ಅನಸ್ತೇಷಿಯಾಕ್ಕೆ ತುಂಬಾ ಉಂಟು. ಅಮ್ಮನ ಹೆದರಿಕೆ ನನಗೆ ಅರ್ಥವಾಗುತ್ತದೆ. ವಾರ್ಡಿನವರಿಗೆ ಹೇಳಬೇಕಾಗಿಲ್ಲ. ಆದರೆ ಅನಸ್ತೇಷಿಯಾ ಕೊಡುವವರಿಗೆ ಹೇಳಲೇಬೇಕು. ಅದನ್ನು ಗುಟ್ಟಾಗಿ ಇಡುವುದು ಅವರ ಕರ್ತವ್ಯ.

ಮುಖ್ಯ ಕಾರಣ ಎಂಡಿಟಿಯಲ್ಲಿರುವ ಡ್ಯಾಪ್ಸೋನ್, ದಿನವೂ ತಿನ್ನುವ 100 ಮಿಲಿಗ್ರಾಂ ಮಾತ್ರೆ. ಇದು ರಕ್ತದ ಹಿಮೋಗ್ಲೋಬಿನ್‌ನಲ್ಲಿ ಒಂದು ಪಾಲನ್ನು ಮೆಟ್‌ಹಿಮೋಗ್ಲೋಬಿನ್ ಮಾಡುತ್ತದೆ. ಆ ಪಾಲು ಆಮ್ಲಜನಕ ಹೊರುವುದಿಲ್ಲ. ಹೆಚ್ಚಿನವರಲ್ಲಿ ಪ್ರಮಾಣ ಸಣ್ಣದು, ಗೊತ್ತೇ ಆಗುವುದಿಲ್ಲ. ಜಾಸ್ತಿಯಾದರೆ ಬೆರಳಿಗೆ ಹಾಕುವ ಆಕ್ಸಿಮೀಟರ್ 85ರ ಹತ್ತಿರ ಬಂದು ನಿಲ್ಲುತ್ತದೆ. ಎಷ್ಟು ಆಕ್ಸಿಜನ್ ಕೊಟ್ಟರೂ ಏರುವುದಿಲ್ಲ. ಮಾತ್ರೆಯ ವಿಷಯ ಗೊತ್ತಿಲ್ಲದ ಡಾಕ್ಟರು ಶ್ವಾಸಕೋಶದಲ್ಲಿ, ಟ್ಯೂಬಿನಲ್ಲಿ ತೊಂದರೆ ಹುಡುಕುತ್ತಾ ಹೊತ್ತು ಕಳೆಯುತ್ತಾರೆ. ಗೊತ್ತಿದ್ದವರು ಕೂಡಲೇ ರಕ್ತದಲ್ಲಿ ಮೆಟ್‌ಹಿಮೋಗ್ಲೋಬಿನ್ ಅಳೆಸುತ್ತಾರೆ. ಜೋಮು ಹಿಡಿಸುವ ಪ್ರಿಲೋಕೇಯ್ನ್‌ನಂಥ, ಇದನ್ನೇ ಹೆಚ್ಚಿಸುವ ಮದ್ದನ್ನು ಮುಟ್ಟುವುದಿಲ್ಲ. ಮೆಥಿಲಿನ್ ಬ್ಲೂ ಇದಕ್ಕೆ ಮದ್ದು. ಆದರೆ ಜಿ6ಪಿಡಿ (ಕೆಂಪು ರಕ್ತಕಣವನ್ನು ಕಾಪಾಡುವ ಒಂದು ಕಿಣ್ವ) ಕೊರತೆ ಇದ್ದವರಿಗೆ ಅದು ಅಪಾಯ. ಆ ಪರೀಕ್ಷೆ ಆಗಿದೆಯಾ ಎಂದು ಮೊದಲೇ ಕೇಳಿ. ಎಂಡಿಟಿಯ ಇನ್ನೊಂದು ಮದ್ದು ಕ್ಲೋಫಜಿಮೈನ್‌ನಿಂದ ಚರ್ಮ ಕಪ್ಪಾಗಿರುತ್ತದೆ, ಹಾಗಾಗಿ ಮೈ ನೀಲಿಗಟ್ಟಿದರೂ ಕಣ್ಣಿಗೆ ಬೇಗ ಕಾಣುವುದಿಲ್ಲ.

ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಕೂಡ ಅಷ್ಟೇ ಮುಖ್ಯ. ವಾರಗಟ್ಟಲೆ ತಿಂದರೆ ದೇಹ ತಾನೇ ಸ್ಟೀರಾಯ್ಡ್ ಮಾಡುವುದು ಕಡಿಮೆಯಾಗುತ್ತದೆ. ಆಪರೇಷನ್ ಹೊತ್ತಿಗೆ ಬಿಪಿ ಒಮ್ಮೆಲೇ ಕುಸಿಯಬಹುದು. ಮೊದಲೇ ಹೇಳಿದರೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು ಕಾಪಾಡಬಹುದು.

ಪ್ರಶ್ನೆ (ಪೈವಳಿಕೆಯಿಂದ): ಅಕ್ಕನಿಗೂ ಕುಷ್ಠ. ಪಾದದ ಹುಣ್ಣಿಗೆ ಆಪರೇಷನ್ ಹೇಳಿದ್ದಾರೆ. ಅಲ್ಲಿ ಸ್ಪರ್ಶವೇ ಇಲ್ಲ. ಸುಮ್ನೆ ಬೆನ್ನಿಗೆ ಇಂಜೆಕ್ಷನ್ ಯಾಕೆ?

ಉತ್ತರ: ಚರ್ಮಕ್ಕೆ ಸ್ಪರ್ಶ ಇಲ್ಲದಿದ್ದರೂ ಒಳಗಿನ ಎಲುಬಿಗೆ, ಸ್ನಾಯುವಿಗೆ ನೋವು ಉಳಿದಿರಬಹುದು. ರಕ್ತ ನಿಲ್ಲಿಸಲು ತೊಡೆಗೆ ಕಟ್ಟುವ ಪಟ್ಟಿಯೂ ನೋಯುತ್ತದೆ. ಆದರೆ ಇಂಜೆಕ್ಷನ್‌ಗೆ ಮುಂಚೆ ಎಲ್ಲೆಲ್ಲಿ ಜೋಮು, ಎಲ್ಲೆಲ್ಲಿ ಬಲ ಕಡಿಮೆ ಎಂದು ಬರೆದಿಡಲು ಹೇಳಿ. ಇಲ್ಲದಿದ್ದರೆ ಆಮೇಲೆ ಕಾಯಿಲೆಯಿಂದ ಆದದ್ದು ಯಾವುದು, ಇಂಜೆಕ್ಷನ್‌ನಿಂದ ಆದದ್ದು ಯಾವುದು ಗೊತ್ತಾಗುವುದಿಲ್ಲ. ಸ್ಪರ್ಶ ಇಲ್ಲದ ಕಡೆ ಬಿಸಿನೀರಿನ ಚೀಲ ಇಡಬಾರದು, ಸುಟ್ಟರೂ ಗೊತ್ತಾಗುವುದಿಲ್ಲ. ಮೊಣಕೈಗೂ, ಮೊಣಕಾಲಿನ ಹೊರಬದಿಗೂ ಮೆತ್ತೆ ಬೇಕು, ಅಲ್ಲಿ ನರ ಮೊದಲೇ ಊದಿರಬಹುದು. ಕಣ್ಣು ಪೂರ್ತಿ ಮುಚ್ಚದಿದ್ದರೆ ಅದನ್ನೂ ಹೇಳಿ.

ಪ್ರಶ್ನೆ (ಉಪ್ಪಳದಿಂದ): ಪಕ್ಕದ ಬೆಡ್ಡಿನವರಿಗೆ ಹರಡುವುದಿಲ್ಲವಾ?

ಉತ್ತರ: ಇಲ್ಲ. ಎಂಡಿಟಿ ಶುರುವಾದ ಕೆಲವೇ ದಿನಗಳಲ್ಲಿ ಹರಡುವಿಕೆ ನಿಲ್ಲುತ್ತದೆ. ಬೇರೆ ಕೋಣೆಯೂ ಬೇಡ, ಬೇರೆ ಸಲಕರಣೆಯೂ ಬೇಡ. ಕುಷ್ಠ ಎಂಬ ಒಂದೇ ಕಾರಣಕ್ಕೆ ಯಾರಾದರೂ ಆಪರೇಷನ್ ಮಾಡುವುದಿಲ್ಲ ಎಂದರೆ, ಅದನ್ನು ಬರೆದು ಕೊಡಲು ಕೇಳಿ.

ಪ್ರಶ್ನೆ (ಬದಿಯಡ್ಕದವರೇ): ಹಾಗಾದರೆ ಹೇಳುತ್ತೇವೆ. ಚೀಟಿ ಮಲಯಾಳಂನಲ್ಲಿದೆ. ಅಲ್ಲಿ ಓದಲಿಕ್ಕೆ ಬಾರದಿದ್ದರೆ?

ಉತ್ತರ: ಮಾತ್ರೆಯ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ, ಖಾಲಿಯಾದದ್ದೂ ಇರಲಿ. ಅದರ ಮೇಲೆ ಮದ್ದಿನ ಹೆಸರು ಇರುತ್ತದೆ. ಪ್ರೆಡ್ನಿಸೊಲೋನ್ ಎಷ್ಟು ಮಿಲಿಗ್ರಾಂ, ಕೊನೆಯ ಮಾತ್ರೆ ಯಾವ ತಾರೀಕು ಎಂದು ಒಂದು ಕಾಗದದಲ್ಲಿ ಬರೆಯಿರಿ. ಆಪರೇಷನ್ ಉಂಟೆಂದು ನೀವಾಗಿಯೇ ಎಂಡಿಟಿ ನಿಲ್ಲಿಸಬೇಡಿ. ಅನಸ್ತೇಷಿಯಾ ಡಾಕ್ಟರನ್ನು ಆಪರೇಷನ್ ದಿನ ಅಲ್ಲ, ಮುಂಚೆಯೇ ನೋಡಿ. ಅಮ್ಮನನ್ನೂ ಕರೆದುಕೊಂಡು ಹೋಗಿ.