‘ವಾಯುಭಾರ ಕುಸಿತ’ದಲ್ಲಿ ಕುಸಿಯುವುದು ಏನು?

ನಮಸ್ಕಾರ. ಮಳೆಗಾಲ ಬಂತೆಂದರೆ ಪೇಪರ್‌ನಲ್ಲಿ ಮತ್ತೆ ಮತ್ತೆ ಕಾಣುವ ‘ವಾಯುಭಾರ ಕುಸಿತ’ ಅನ್ನೋ ಪದದ ಬಗ್ಗೆ ಕೇಳಬೇಕಿತ್ತು.

2020ರ ಅಕ್ಟೋಬರ್ 13ರಂದು ಇಂಥದ್ದೊಂದು ಬಂಗಾಳ ಕೊಲ್ಲಿಯಿಂದ ಕಾಕಿನಾಡದ ಹತ್ತಿರ ದಡಕ್ಕೆ ಬಂದು, ತೆಲಂಗಾಣ ದಾಟಿ ನಮ್ಮ ಕಲಬುರಗಿ ಕಡೆ ಬಂತು. ಭೀಮಾ ಉಕ್ಕಿ ಹೊಲಗಳಿಗೆ ನುಗ್ಗಿತು. ಆಗ ಅಫಜಲಪುರ ಕಡೆಯ ನಮ್ಮ ದೊಡ್ಡಪ್ಪ ಪೇಪರ್ ಮೇಲೆ ಬೆರಳಿಟ್ಟು ಕೇಳಿದರು: “ಭಾರ ಕುಸೀತು ಅಂದ್ರ ಗಾಳಿ ಮ್ಯಾಲಿಂದ ಕೆಳಗ ಬಿತ್ತೇನು ತಮ್ಮಾ?”

‘ಭಾರ’ ಸರಿಯಾಗಿಯೇ ಇದೆ. ತಲೆ ಮೇಲಿನ ಗಾಳಿಗೂ ತೂಕವಿದೆ. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಇದನ್ನೇ ಗಾಳಿಯ ಒತ್ತಡ ಅನ್ನುವುದು. ಒಂದು ಕಡೆ ಆ ತೂಕ ಕಡಿಮೆಯಾದರೆ ಸುತ್ತಲಿನ ಗಾಳಿ ಅತ್ತ ಹರಿಯುತ್ತದೆ. ತೊಡಕಿರುವುದು ‘ಕುಸಿತ’ದಲ್ಲಿ. ಗೋಡೆ ಕುಸಿದರೆ ಕೆಳಗೆ ಬೀಳುತ್ತದೆ ಅಲ್ವಾ? ಇಲ್ಲಿ ಆಗುವುದು ಉಲ್ಟಾ. ಬಂದು ಸೇರಿದ ಗಾಳಿ ಮೇಲೇರುತ್ತದೆ, ತಣ್ಣಗಾಗುತ್ತದೆ, ಅದರೊಳಗಿನ ಆವಿ ಮೋಡವಾಗಿ ಸುರಿಯುತ್ತದೆ.

ಇನ್ನೊಂದು ಗೊಂದಲವೂ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟುವವರೆಗೆ ಅದು ಬರೀ ಕಡಿಮೆ ಒತ್ತಡದ ಪ್ರದೇಶ. ಆಮೇಲೆ ಡಿಪ್ರೆಶನ್. 62 ದಾಟಿದರೆ ಚಂಡಮಾರುತ. ಪೇಪರ್‌ನವರು ಮೊದಲ ಎರಡಕ್ಕೂ ಒಂದೇ ಪದ ಹಾಕಿಬಿಡುತ್ತಾರೆ. ರೈತನಿಗೆ ಈ ವ್ಯತ್ಯಾಸ ಬೇಕು.

‘ಕುಸಿತ’ದ ಬದಲು ನನಗೆ ಹೊಳೆದದ್ದು ನಮ್ಮ ‘ತಗ್ಗು’. ನಾವು ತಗ್ಗು-ದಿನ್ನೆ ಅನ್ನುತ್ತೇವಲ್ಲ, ಅದೇ. ಹೆಸರಾಗಿ ತಗ್ಗು ಅಂದರೆ ಗುಣಿ, ಕ್ರಿಯೆಯಾಗಿ ತಗ್ಗು ಅಂದರೆ ಕಡಿಮೆಯಾಗು. ಎರಡೂ ಅರ್ಥ ಇಲ್ಲಿ ಕೂಡುತ್ತವೆ. ‘ಒತ್ತಡದ ತಗ್ಗು’ ಅಂದೆ. ದಿನ್ನೆಯಿಂದ ತಗ್ಗಿಗೆ ಗಾಳಿ ಹರಿಯುತ್ತದೆ, ಇಳಿಜಾರು ಜಾಸ್ತಿಯಾದಷ್ಟೂ ಜೋರು ಅಂದೆ. ದೊಡ್ಡಪ್ಪನಿಗೆ ತಕ್ಷಣ ತಿಳಿಯಿತು.

ಒಂದು ಕಡೆ ಮಾತ್ರ ಈ ಹೋಲಿಕೆ ಸಾಲದು. ನೀರಿನ ಹಾಗೆ ಗಾಳಿ ನೇರ ತಗ್ಗಿಗೆ ಇಳಿಯುವುದಿಲ್ಲ. ಭೂಮಿ ತಿರುಗುವುದರಿಂದ ಅದು ಬಲಕ್ಕೆ ವಾಲುತ್ತಾ, ತಗ್ಗನ್ನು ಸುತ್ತುಹಾಕಿಕೊಂಡು ಒಳಗೆ ಸೇರುತ್ತದೆ. ಹಾಗಾಗಿ ನಮ್ಮ ಕಡೆ, ಬಯಲಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ತಗ್ಗು ಹೆಚ್ಚುಕಡಿಮೆ ಎಡಗೈ ಕಡೆ ಇರುತ್ತದೆ. ಬಡಗಾಳಿ ಬೀಸುತ್ತಿದ್ದರೆ ತಗ್ಗು ಇನ್ನೂ ಮೂಡಣದಲ್ಲಿದೆ ಅಂತ. ಅದು ಪಡುವಣಕ್ಕೆ ದಾಟಿದ ಮೇಲೆ ತೆಂಕಣ ಗಾಳಿ.

ಬೀದರ್, ಯಾದಗಿರಿ ಕಡೆಯ ಹಿರಿಯರು ಇಂಥ ಗಾಳಿ-ಮಳೆಗೆ ಬೇರೆ ಏನಾದರೂ ಅನ್ನುತ್ತಾರಾ? ‘ಒತ್ತಡದ ತಗ್ಗು’ ಅಂತ ಬರೆದರೆ ನಿಮಗೆ ಓದಲು ತೊಡಕಾಗುತ್ತದಾ, ಹೇಳಿ.