ಮಗನ ಗೆಳೆಯನಿಗೆ ‘ಅವನು’ ಅನ್ನಬೇಕಾ? ಅತ್ತೆ ಒಪ್ಪುತ್ತಿಲ್ಲ

ಜಮಖಂಡಿ ಸೊಸೆ, ಟೊರೊಂಟೊ:
ಎಲ್ಲರಿಗೂ ನಮಸ್ಕಾರ. ಮಗನಿಗೆ ಹನ್ನೊಂದು ವರ್ಷ. ಅವನ ಕ್ಲಾಸಿನ ಒಂದು ಮಗು ಹೋದ ವರ್ಷದವರೆಗೆ ಹುಡುಗಿ ಅಂತಲೇ ಇತ್ತು. ಈಗ ಹೆಸರು ಬದಲಾಯಿಸಿಕೊಂಡಿದೆ, ‘ಅವನು’ ಅನ್ನಿ ಅನ್ನುತ್ತದೆ. ಮಗ ಸಲೀಸಾಗಿ ಹಾಗೇ ಕರೆಯುತ್ತಾನೆ. ಊರಿಂದ ಬಂದಿರುವ ಅತ್ತೆ ಊಟಕ್ಕೆ ಕೂತಾಗ, ‘ಹುಡುಗೀನ್ನ ಹುಡುಗ ಅನ್ನೂದು ಸುಳ್ಳಲ್ಲೇನವಾ?’ ಅಂದುಬಿಟ್ಟರು. ಮಗ ನನ್ನ ಮುಖ ನೋಡಿದ. ಸುಳ್ಳು ಹೇಳಬೇಡ ಅಂತ ದಿನಾ ಹೇಳುವವಳು ನಾನೇ. ಶನಿವಾರ ಆ ಮಗು ಮನೆಗೆ ಬರುತ್ತದೆ. ಏನು ಮಾಡಲಿ?

ಗೋಕಾಕ ಅಕ್ಕ, ಮಿಸ್ಸಿಸಾಗಾ:
ವೈನಿ, ಅತ್ತೆಗೆ ಪಾಠ ಬೇಡ. ‘ಬಾ, ಕೂತ್ಕೋ, ಊಟ ಮಾಡು’ ಅಂದರೆ ಸಾಕು. ಎದುರಿಗೆ ಮಾತಾಡುವಾಗ ಗಂಡು ಹೆಣ್ಣು ಬರುವುದೇ ಇಲ್ಲ. ಮಗನಿಗೆ ಮಾತ್ರ ಹೇಳಿ, ಕೇಳಿದ ಹಾಗೆ ಕರೆಯುವುದು ಮರ್ಯಾದೆ, ಸುಳ್ಳಲ್ಲ ಅಂತ.

ವಿಜಯಪುರ ಕಾಕಾ, ಹ್ಯೂಸ್ಟನ್:
ಸುಳ್ಳಲ್ಲದೆ ಮತ್ತೇನು? ಹೆಸರು ಅವರವರ ಸೊತ್ತು, ಹೊಸ ಹೆಸರು ಹಿಡಿದು ಕರೆಯಲು ನನ್ನ ತಕರಾರಿಲ್ಲ. ‘ಅವನು’, ‘ಅವಳು’ ನಾನು ಕಂಡದ್ದನ್ನು ಹೇಳುವ ಮಾತು. ಅದನ್ನೂ ಬೇರೆಯವರೇ ಹೇಳಿಕೊಡಬೇಕಾ? ಹುಸಿ ನುಡಿಯಬೇಡ ಅಂದ ಬಸವಣ್ಣನವರು ನಮ್ಮ ಬಾಗೇವಾಡಿಯವರು. ಅತ್ತೆ ಕೇಳಿದ್ದು ಸರಿ ಇದೆ.

ಅಥಣಿ ತಮ್ಮ, ಡಬ್ಲಿನ್:
ಕಾಕಾ, ಅಯ್ಯಾ ಎಂದರೆ ಸ್ವರ್ಗ, ಎಲವೋ ಎಂದರೆ ನರಕ ಅಂದವರೂ ಅವರೇ ಅಲ್ವಾ?

ಬೈಲಹೊಂಗಲ ಮಾಮಾ, ಲಂಡನ್:
ನಿಮ್ಮ ಮನೆಯಲ್ಲಿ ಈ ಮಾತು ಕನ್ನಡದಲ್ಲಿ ನಡೆಯಿತಲ್ಲ, ಅದೇ ದೊಡ್ಡದು. ನನ್ನ ಮಗ ಫೋನಿನಲ್ಲಿ ಅಜ್ಜಿಗೆ ‘ಆರಾಮಾ?’ ಅಂದವನೇ ನನ್ನ ಕೈಗೆ ಕೊಟ್ಟುಬಿಡುತ್ತಾನೆ. ದೊಡ್ಡ ಕಂಪನಿಯಲ್ಲಿದ್ದಾನೆ, ಏನು ಪ್ರಯೋಜನ.

ಸವದತ್ತಿ ಹುಡುಗಿ, ಮೆಲ್ಬರ್ನ್:
ಕಾಕಾ, ಯಲ್ಲಮ್ಮನ ಗುಡ್ಡಕ್ಕೆ ನೀವು ಹೋಗಿಲ್ವಾ? ಗಂಡಾಗಿ ಹುಟ್ಟಿ, ಸೀರೆ ಉಟ್ಟು, ಕೊಡ ಹೊತ್ತು ಬಾಗಿಲಿಗೆ ಬರುವ ಜೋಗಪ್ಪನಿಗೆ ನಮ್ಮ ಆಯಿ ‘ಬಾರವ್ವಾ’ ಅಂತಲೇ ಅನ್ನುತ್ತಿದ್ದರು. ಬುಟ್ಟಿಗೆ ಜೋಳ ಹಾಕಿ, ಬಾಗಿ ಹಣೆಗೆ ಭಂಡಾರ ಹಚ್ಚಿಸಿಕೊಳ್ಳುತ್ತಿದ್ದರು. 2021ರಲ್ಲಿ ಅದೇ ಪರಂಪರೆಯ ಮಂಜಮ್ಮ ಜೋಗತಿ ಪದ್ಮಶ್ರೀ ತಗೊಳ್ಳುವ ಮೊದಲು ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದದ್ದನ್ನು ಹೆಮ್ಮೆಯಿಂದ ಹಂಚಿದವರು ನಾವೇ. ಆಗ ಯಾರಿಗೂ ಸುಳ್ಳು ನೆನಪಾಗಲಿಲ್ಲ.

ವಿಜಯಪುರ ಕಾಕಾ, ಹ್ಯೂಸ್ಟನ್:
ಅದು ಭಕ್ತಿ ತಂಗೀ. ದೇವಿಯ ಕೋಪಕ್ಕೆ ಹೆದರಿ ಅವ್ವಾ ಅಂದದ್ದು. ಕೊಡ ಇಳಿಸಿದ ಮೇಲೆ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಖೋಲಿ ಕೊಟ್ಟವರು ಎಷ್ಟು ಜನ? ಬಾಯಿ ಮರ್ಯಾದೆ ಅಷ್ಟಕ್ಕೇ ಮುಗಿಯುತ್ತದೆ.

ಸವದತ್ತಿ ಹುಡುಗಿ, ಮೆಲ್ಬರ್ನ್:
ಖೋಲಿ ಕೊಡಲಿಲ್ಲ, ಅದು ತಪ್ಪು. ಅದಕ್ಕೆ ಬಾಯಿ ಮರ್ಯಾದೆಯನ್ನೂ ಕಿತ್ಕೊಳ್ಳೋದಾ?

ಅಥಣಿ ತಮ್ಮ, ಡಬ್ಲಿನ್:
ನಮ್ಮ ಸುಪ್ರೀಂ ಕೋರ್ಟೇ 2014ರ ನಾಲ್ಸಾ ತೀರ್ಪಿನಲ್ಲಿ (ಟ್ರಾನ್ಸ್‌ಜೆಂಡರ್ ಜನರ ಹಕ್ಕಿನ ಕೇಸು), ತಾನು ಗಂಡೋ ಹೆಣ್ಣೋ ಮತ್ತೊಂದೋ ಅಂತ ಹೇಳುವ ಹಕ್ಕು ಅವರವರದೇ ಅಂದಿದೆ. ಕೆನಡಾದಲ್ಲೂ 2017ರಿಂದ ಕಾನೂನಿನ ರಕ್ಷಣೆ ಇದೆ.

ವಿಜಯಪುರ ಕಾಕಾ, ಹ್ಯೂಸ್ಟನ್:
ಹಕ್ಕು ಅವರಿಗಿರಲಿ. ಕಣ್ಣು ನನ್ನದು.

ಗೋಕಾಕ ಅಕ್ಕ, ಮಿಸ್ಸಿಸಾಗಾ:
ವೈನಿ, ಇವರದು ಮುಗಿಯುವುದಿಲ್ಲ ಬಿಡಿ. ಆ ಹುಡುಗನ ಅಮ್ಮನಿಗೆ ಒಂದು ಫೋನ್ ಮಾಡಿ, ಶೇಂಗಾ ಅಲರ್ಜಿ ಇದೆಯಾ ಕೇಳಿ. ಅತ್ತೆ ಬಂದ ಮನೆಯಲ್ಲಿ ಶೇಂಗಾ ಹೋಳಿಗೆ ಇಲ್ಲದೆ ಇರುತ್ತಾ?